ಮಗ್ಗ ಬಿಚ್ಚಿದವರು ಯಾರು?

ನಿಮ್ಮ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಬೆಟಗೇರಿಯ ನೇಕಾರರ ಮನೆ, ಮಗ್ಗದ ಸಲುವಾಗಿ ಅಪ್ಪ ಮಗನ ನಡುವಿನ ಮುನಿಸು ನಿಮಗೆ ಚೆನ್ನಾಗಿ ಗೊತ್ತು. ಆದರೆ ಕಥೆ ಜೀವ ಪಡೆಯಬೇಕಾದ ಜಾಗದಲ್ಲೇ ಒಂದು ಕ್ರಿಯಾಪದ ಅದನ್ನು ಕೆಡಿಸಿದೆ.

‘ಕೈಮಗ್ಗವನ್ನು ವಿದ್ಯುತ್ ಮಗ್ಗದಿಂದ ಬದಲಾಯಿಸಲಾಯಿತು’ ಎಂದು ಬರೆದಿದ್ದೀರಿ. ಕೊಡಲಿಯಿಂದ ಕಡಿದ, ಮಳೆಯಿಂದ ಕೆಟ್ಟಿತು, ಗದಗಿನಿಂದ ಬಂದ: ನಮ್ಮ ‘ಇಂದ’ ಸಾಧನವನ್ನೋ ಕಾರಣವನ್ನೋ ಹೊರಟ ಊರನ್ನೋ ಹೇಳುತ್ತದೆ. ತೆರವಾದ ಜಾಗಕ್ಕೆ ಬಂದು ಕುಳಿತದ್ದನ್ನು ಹೇಳುವುದಿಲ್ಲ. ಮುಂದೆ ‘ಹಳೆಯ ಗುಮಾಸ್ತನನ್ನು ಹೊಸಬನಿಂದ ಬದಲಾಯಿಸಿದರು’ ಎಂದಿದೆ. ಹೊಸಬನ ಕೈಯಲ್ಲಿ ಹಳಬನನ್ನು ರಿಪೇರಿ ಮಾಡಿಸಿದರೇ?

‘ಬದಲಿಸು’ ಒಳ್ಳೆಯ ಪದವೇ. ಅಂಗಿ ಬದಲಿಸುತ್ತೇವೆ, ಮನೆ ಬದಲಿಸುತ್ತೇವೆ, ಕೆಲವರು ಮಾತನ್ನೂ ಬದಲಿಸುತ್ತಾರೆ. ಹೋದದ್ದು, ಬಂದದ್ದು ಎರಡನ್ನೂ ಹೆಸರಿಸಬೇಕಾದಾಗ ಮಾತ್ರ ಕನ್ನಡಕ್ಕೆ ಎರಡು ಕ್ರಿಯೆ ಬೇಕು: ಇದನ್ನು ತೆಗೆದು ಅದನ್ನು ಹಾಕಿದರು, ಇವನನ್ನು ಬಿಡಿಸಿ ಅವನನ್ನು ಇಟ್ಟುಕೊಂಡರು.

ಹಾಗೆ ಎರಡಾಗಿ ಬರೆಯಲು ಕುಳಿತರೆ ನಿಮ್ಮ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ನಿಮ್ಮ ಕಥೆಯಲ್ಲಿರುವುದು ಕುಣಿ ಮಗ್ಗ. ನೇಕಾರ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ತುಳಿಯುತ್ತಾನೆ. ಮಗ್ಗ ಬಿಚ್ಚಿದರೂ ಕುಣಿ ಅಲ್ಲೇ ಇರುತ್ತದೆ. ಅದನ್ನು ಮುಚ್ಚಿದವರು ಯಾರು, ಮಗನೇ, ಅಥವಾ ಹಟ ಹಿಡಿದು ಅಪ್ಪನೇ? ಮಣ್ಣು ಎಲ್ಲಿಂದ ತಂದರು? ಮಗ್ಗದ ಕಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದರೋ ಒಲೆಗೆ ಹಾಕಿದರೋ? ನಿಮ್ಮ ‘ಬದಲಾಯಿಸಲಾಯಿತು’ ಇಷ್ಟನ್ನೂ ನುಂಗಿದೆ. ಕರ್ಮಣಿ ಪ್ರಯೋಗವಾದ್ದರಿಂದ ಮಾಡಿದವರ ಹೆಸರೂ ಅದರ ಹೊಟ್ಟೆಗೇ ಹೋಗಿದೆ.

‘ಸ್ಥಳಾಂತರಿಸು’ ಎಂಬುದರ ಬಗ್ಗೆಯೂ ಒಂದು ತಕರಾರಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿದಾಗ ಜನರನ್ನು ಸ್ಥಳಾಂತರಿಸಲಾಯಿತು ಎಂದು ವರದಿ ಬರೆದರೆ ಒಪ್ಪುತ್ತದೆ. ಅಲ್ಲಿ ನಿರ್ಧರಿಸುವವರು ಬೇರೆ, ಹೋಗುವವರು ಬೇರೆ. ನಿಮ್ಮಲ್ಲಿ ಸೊಸೆ ಅತ್ತೆಯ ಟ್ರಂಕನ್ನು ‘ಸ್ಥಳಾಂತರಿಸುತ್ತಾಳೆ’. ಎತ್ತಿಟ್ಟಳೋ, ದರದರ ಎಳೆದಳೋ, ಕಾಲಿನಿಂದ ಸರಿಸಿದಳೋ? ಆ ಮನೆಯಲ್ಲಿ ಅತ್ತೆಗೆ ಉಳಿದಿರುವ ಜಾಗ ಎಷ್ಟೆಂಬುದು ನನಗೆ ಅದರಿಂದಲೇ ತಿಳಿಯಬೇಕು.

ಗುಮಾಸ್ತನ ಪ್ರಸಂಗವನ್ನು ಪೂರ್ತಿ ಕೈಬಿಡಿ, ಅದು ಬೇರೆ ಕಥೆಯದು. ಉಳಿದದ್ದನ್ನು ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ. ದಯವಿಟ್ಟು ಹಾಳೆಯ ಒಂದೇ ಬದಿಗೆ ಬರೆಯಿರಿ.