ಹೊಸ ಡೆಂಟಲ್ ಕ್ಲಿನಿಕ್, ಊರಿನವರ ಜೊತೆ ಒಡನಾಟ ಬೆಳೆಸೋದು ಹೇಗೆ?

ತಾಲ್ಲೂಕು ಊರಲ್ಲಿ ಕ್ಲಿನಿಕ್ ತೆರೆದು ಆರು ತಿಂಗಳಾಯ್ತು, ಉಚಿತ ಕ್ಯಾಂಪ್ ಮಾಡಲಾ, ಫ್ಲೆಕ್ಸ್ ಹಾಕಿಸಲಾ, ಗಣೇಶನ ಪೆಂಡಾಲಿಗೆ ಸ್ಪಾನ್ಸರ್ ಆಗಲಾ ಅಂತ ಕೇಳಿದ್ದೀರಿ. ಮೂರನ್ನೂ ಮಾಡಿ ಕೈ ಸುಟ್ಟುಕೊಂಡವಳು ನಾನು.

2017ರಲ್ಲಿ ಪಾವಗಡದಲ್ಲಿ ಕ್ಲಿನಿಕ್ ಶುರು ಮಾಡಿದೆ. ನಾನು ಮೈಸೂರು ಕಡೆಯವಳು. ಗಂಡನಿಗೆ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು ಅಂತ ಹೋಗಿದ್ದು. ಚೇರು, ಕಂಪ್ರೆಸರು, ಎಕ್ಸ್‌ರೇ ಎಲ್ಲಕ್ಕೂ ಬ್ಯಾಂಕ್ ಸಾಲ. ಶನಿವಾರ ಬಂದರೆ ಶನಿಮಹಾತ್ಮನ ದೇವಸ್ಥಾನಕ್ಕೆ ಜನವೋ ಜನ, ಎಲ್ಲರೂ ನನ್ನ ಬೋರ್ಡಿನ ಮುಂದೆಯೇ ಹೋಗುತ್ತಿದ್ದರು. ಒಳಗೆ ಬರುತ್ತಿದ್ದವರು ಮೂರೋ ನಾಲ್ಕೋ. ಅವರೂ ಲವಂಗ ಇಟ್ಟು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ಇನ್ನು ಆಗಲ್ಲ ಅಂದಾಗ "ಕಿತ್ತಾಕ್ಬಿಡಿ ಮೇಡಂ" ಅಂತ ಬಂದವರು.

ಸರಿ, ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕ್ಯಾಂಪ್ ಇಟ್ಟೆ. ನನ್ನ ತಪ್ಪು ಆಗಿದ್ದು ಅಲ್ಲೇ. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದಿ.

ಪಾವಗಡ ಫ್ಲೋರೈಡ್ ನೀರಿನ ಸೀಮೆ. ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಲ್ಲಿ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಇರುತ್ತದೆ, ಜಾಸ್ತಿ ಆದವರಿಗೆ ಬೆಲ್ಲದ ಬಣ್ಣದ ಪಟ್ಟೆ. ಉಜ್ಜಿದರೆ ಹೋಗುವುದಿಲ್ಲ, ಯಾಕೆಂದರೆ ಅದು ಮೇಲೆ ಅಂಟಿದ ಕೊಳೆ ಅಲ್ಲ. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗಲೇ, ಸುಮಾರು ಎಂಟು ವರ್ಷದೊಳಗೆ, ಆಗಿ ಹೋದ ಕೆಡುಕು. ಇದೆಲ್ಲ ನನಗೆ ಕಾಲೇಜಿನಲ್ಲೇ ಗೊತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ.

ಆ ದಿನ 180 ಮಕ್ಕಳು, ನನ್ನ ಹತ್ತಿರ ಇದ್ದದ್ದು 40 ಬಾಯಿ ಕನ್ನಡಿ, ಸಮಯ ಎರಡು ಗಂಟೆ. ಬೇಗ ಮುಗಿಯಲಿ ಅಂತ ನಾನೇ ಪಿಟಿ ಮೇಷ್ಟ್ರಿಗೆ ಹೇಳಿದೆ: "ಹಲ್ಲಲ್ಲಿ ಕಲೆ ಇರೋರು ಈ ಕಡೆ ಲೈನ್ ಮಾಡಲಿ ಸರ್, ಇಲ್ಲದೋರು ಆ ಕಡೆ." ಅವರು ಸೀಟಿ ಊದಿ ನಿಲ್ಲಿಸಿಯೇ ಬಿಟ್ಟರು. ಕಲೆಯ ಸಾಲು ಇನ್ನೊಂದಕ್ಕಿಂತ ಉದ್ದ ಆಯ್ತು. ಪಕ್ಕದಲ್ಲೇ ನನ್ನ ಫ್ಲೆಕ್ಸ್, ಅದರಲ್ಲಿ ಇಂಟರ್ನೆಟ್ಟಿನಿಂದ ಎತ್ತಿದ ಯಾರೋ ವಿದೇಶಿ ಹೆಂಗಸಿನ ನಗು, ಕೆಳಗೆ "ನಗಲು ನಾಚಿಕೆಯೇ?" ಅಂತ ನಾನೇ ಬರೆಸಿದ ಸಾಲು. ಆ ಮಕ್ಕಳಿಗೆ ಅಲ್ಲಿಯವರೆಗೆ ನಾಚಿಕೆ ಇತ್ತೋ ಇಲ್ಲವೋ, ಮನೆಯಲ್ಲಿ ಅಪ್ಪ ಅಮ್ಮಂದೂ ಅದೇ ಹಲ್ಲು, ಓರಗೆಯವರದೂ ಅದೇ. ನಾಚಿಕೆ ಕಲಿಸಿದವಳು ನಾನು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ನೋಟ್‌ಬುಕ್ ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಸರದಿ ಬಂದಾಗಲೂ ತೆಗೆಯಲಿಲ್ಲ. ನಾನು "ಬೇಗಮ್ಮಾ, ಹಿಂದೆ ಇನ್ನೂ ಜನ ಇದಾರೆ" ಅಂದೆ. ಅವಳು ಹಾಗೇ ತಿರುಗಿ ಕ್ಲಾಸಿಗೆ ಹೋದಳು.

ಸಾಲದ್ದಕ್ಕೆ ಆ ಸಾಲಿನವರಿಗೆಲ್ಲ ಚೀಟಿ ಕೊಟ್ಟೆ, ಕಲೆ ತೆಗೆಸಲು 20% ರಿಯಾಯಿತಿ ಅಂತ. ಆ ಚೀಟಿ ಹಿಡಿದು ಬಂದವರು ಇಬ್ಬರು, ಇಬ್ಬರೂ ಹುಳುಕು ಹಲ್ಲಿನ ನೋವಿಗೆ. ನಾಲ್ಕು ತಿಂಗಳಾದ ಮೇಲೆ ಎದುರಿನ ಮೆಡಿಕಲ್ ಸ್ಟೋರಿನವರು ಹೇಳಿದರು, "ಏನ್ ಮೇಡಂ, ನಮ್ ಮಕ್ಕಳನ್ನ ಸಂತೇಲಿ ಕುರಿ ವಿಂಗಡಿಸ್ದಂಗೆ ವಿಂಗಡಿಸಿದ್ರಂತೆ?" ಅದುವರೆಗೆ ನನಗೆ ಗೊತ್ತೇ ಇರಲಿಲ್ಲ. ಜನ ದುಡ್ಡಿಗೆ ಹೆದರುತ್ತಾರೆ ಅಂದುಕೊಂಡು ಫೀಸು ಇಳಿಸುತ್ತಾ ಕೂತಿದ್ದೆ!

ಅದಕ್ಕೇ ಹೇಳುತ್ತಿದ್ದೇನೆ, ಜನರನ್ನ ಹತ್ತಿರ ತರೋದು ಹೇಗೆ ಅಂತ ಕೇಳುವುದೇ ತಿರುಗುಮುರುಗು. ಜನ ಅಲ್ಲೇ ಇದ್ದಾರೆ, ಆರು ತಿಂಗಳ ಹಿಂದೆ ಬಂದವರು ನೀವು. ಅವರು ಏನು ಕುಡೀತಾರೆ, ಏನು ಜಗೀತಾರೆ, ಕೈಯಲ್ಲಿ ಯಾವಾಗ ದುಡ್ಡು ಓಡಾಡುತ್ತೆ, ಅದು ಮೊದಲು ಗೊತ್ತಾಗಲಿ.

ಮುಂದಿನ ಜೂನ್‌ನಲ್ಲಿ ಅದೇ ಶಾಲೆಗೆ ಹೋದೆ, ಫ್ಲೆಕ್ಸೂ ಇಲ್ಲ, ಚೀಟಿಯೂ ಇಲ್ಲ. ಹೆಡ್‌ಮಾಸ್ಟರು ಅರ್ಧ ಮನಸ್ಸಿನಿಂದಲೇ ಒಳಗೆ ಬಿಟ್ಟರು. ಹಲ್ಲಿನ ವಿಷಯ ಎತ್ತಲೇ ಇಲ್ಲ, ನೀರಿನ ಬಗ್ಗೆ ಮಾತಾಡಿದೆ. ಇದು ಕಲ್ಲಿನಿಂದ ನೀರಿಗೆ ಇಳಿಯುವ ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಆಗಲ್ಲ, ನಿಮ್ಮ ತಪ್ಪೂ ಅಲ್ಲ ಕೊಳಕೂ ಅಲ್ಲ ಅಂದೆ. ಕುದಿಸಿದರೆ ಹೋಗುತ್ತಲ್ವಾ ಅಂತ ಒಬ್ಬ ಟೀಚರೇ ಕೇಳಿದರು. ಹೋಗಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದರೂ ತುಂಬಾ ಮನೆಗಳಲ್ಲಿ ಅದು ದೊಡ್ಡವರಿಗೆ ಕುಡಿಯೋಕೆ ಮಾತ್ರ, ಅನ್ನ ಸಾರು ಬೋರ್ ನೀರಲ್ಲೇ. ಹಲ್ಲು ಇನ್ನೂ ತಯಾರಾಗುತ್ತಿರುವ ಪುಟ್ಟ ಮಗುವಿಗೂ ಅದೇ ಅನ್ನ, ಕುಡಿಯೋಕೂ ಅದೇ ಬೋರ್ ನೀರು. ಆಮೇಲೆ ಇದನ್ನೇ ಅಂಗನವಾಡಿಯಲ್ಲಿ ತಾಯಂದಿರಿಗೆ ಹೇಳಿದೆ. ಒಂದು ಮಾತು ಜೊತೆಗೆ ಸೇರಿಸಿದೆ: ಮಗುವಿಗೆ ಆರು ವರ್ಷ ಆಗುವಾಗ ಬಾಯಿಯ ಹಿಂಭಾಗದಲ್ಲಿ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ, ಹೋದರೆ ಮತ್ತೆ ಬರಲ್ಲ. ಅದೊಂದು ಮಾತು ಕೇಳಿ ಬಂದವರೇ ಎಷ್ಟೋ ಜನ.

ಇನ್ನು ಉಳಿದದ್ದು. ಹೊರಗಿನಿಂದ ಕರೆತಂದ ಅಸಿಸ್ಟೆಂಟ್ ಬಿಟ್ಟು ಹೋದಮೇಲೆ ಊರಿನ ಹುಡುಗಿಯನ್ನೇ ಇಟ್ಟುಕೊಂಡೆ. ಅಜ್ಜಿಯರ ಹತ್ತಿರ ಅವಳು ತೆಲುಗಲ್ಲಿ ಮಾತಾಡಿದರೆ ಕಡ್ಡಿಪುಡಿ ಎಷ್ಟು ಹಾಕ್ತಾರೆ ಅನ್ನೋದು ನಿಜವಾಗಿ ಹೊರಬರುತ್ತಿತ್ತು, ನನಗಾದರೆ "ಇಲ್ಲಮ್ಮ" ಅಷ್ಟೇ. ರೂಟ್ ಕೆನಾಲಿಗೆ ಎಷ್ಟಾಗುತ್ತೆ, ಕ್ಯಾಪಿಗೆ ಬೇರೆ ಎಷ್ಟು ಅಂತ ಚೇರಿಗೆ ಹತ್ತುವ ಮೊದಲೇ ಹೇಳಿಬಿಡಿ. ಕಡ್ಲೆಕಾಯಿ ಕಿತ್ತ ಮೇಲೆ ಕೊಡ್ತೀನಿ ಅಂದರೆ ಬರೆದಿಟ್ಟುಕೊಳ್ಳಿ. ಕೊಡ್ತಾರೆ. ಮಳೆ ಕೈಕೊಟ್ಟ ವರ್ಷ ಕೊಡಲ್ಲ, ಅದೂ ಸರಿ. ಬಿಪಿಎಲ್ ಕಾರ್ಡಿನ ವಯಸ್ಸಾದವರು ಹಲ್ಲುಸೆಟ್ಟಿಗೆ ಬಂದರೆ ದಂತಭಾಗ್ಯ ಯೋಜನೆಯಲ್ಲಿ ಉಚಿತ ಸಿಗುತ್ತೆ ಅಂತ ತುಮಕೂರಿನ ಡೆಂಟಲ್ ಕಾಲೇಜಿಗೆ ಕಳಿಸುತ್ತಿದ್ದೆ. ಗಂಡ ತಲೆ ಚಚ್ಚಿಕೊಳ್ಳುತ್ತಿದ್ದ, ನಿನ್ನ ಗಿರಾಕೀನ ನೀನೇ ಬಸ್ ಹತ್ತಿಸ್ತೀಯಲ್ಲ ಅಂತ. ಗಣೇಶನಿಗೆ 501 ಕೊಟ್ಟು ರಸೀದಿ ತಗೊಂಡು ಸುಮ್ನಿರಿ, ಪೆಂಡಾಲಿನಲ್ಲಿ ನಿಮ್ಮ ಹೆಸರು ನೋಡಿ ಯಾರೂ ಹಲ್ಲು ತೋರಿಸೋಕೆ ಬರಲ್ಲ.

ಎರಡನೇ ವರ್ಷದ ಕೊನೆಗೆ ದಿನಕ್ಕೆ ಹನ್ನೆರಡು, ಹದಿನೈದು ಜನ ಬರುತ್ತಿದ್ದರು. ನೋಟ್‌ಬುಕ್ ಹುಡುಗಿ ಮಾತ್ರ ಬರಲಿಲ್ಲ. ಅವಳ ತಮ್ಮ ಬಂದಿದ್ದ, ದವಡೆ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡು ಹೋದ. ಅಕ್ಕ ಹೇಗಿದಾಳೆ ಅಂದೆ. ಬಾಯಿ ತುಂಬ ಹತ್ತಿ ಇತ್ತು, ತಲೆ ಆಡಿಸಿದ.

ನೀವು ಹೇಗೂ ಕ್ಯಾಂಪ್ ಮಾಡೇ ಮಾಡ್ತೀರಿ ಅನ್ಸುತ್ತೆ. ಹಾಗಾದರೆ ಫ್ಲೆಕ್ಸಿನ ದುಡ್ಡಿಗೆ ಬಾಯಿ ಕನ್ನಡಿ ಜಾಸ್ತಿ ತಗೊಳ್ಳಿ, ಮಕ್ಕಳನ್ನ ಒಬ್ಬೊಬ್ಬರಾಗಿ ಕೋಣೆ ಒಳಗೆ ಕರೆದು ನೋಡಿ. ಒಂದು ದಿನಕ್ಕೆ ಮುಗಿಯದಿದ್ದರೆ ಮರುದಿನ ಮತ್ತೆ ಹೋಗಿ.