ವಿಳಾಸದ ಜಾಗ ಖಾಲಿ

ಮನೆ ಇಲ್ಲದ ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಅಂತ ಕೇಳಿದ್ರಿ. ರಾಯಚೂರಿನಲ್ಲಿ ಇದಕ್ಕೆ ಉತ್ತರ ಹೇಳಬೇಕಂದ್ರೆ ಮೊದಲು ಗುಳೆ ಅನ್ನೋ ಮಾತು ಗೊತ್ತಿರಬೇಕು. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ. ಆದರೂ ಕಾಲುವೆ ನೀರು ಮುಟ್ಟದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಕೂಲಿ ಇಲ್ಲ, ಆಗ ಮನೆಗೆ ಬೀಗ ಹಾಕಿ ಮಕ್ಕಳ ಸಮೇತ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಕೂಲಿ ಹುಡುಕಿಕೊಂಡು ಹೊರಟುಬಿಡುತ್ತಾರೆ, ಅದೇ ಗುಳೆ. ಅಜ್ಜಿ ಗಟ್ಟಿ ಇದ್ದರೆ ಮಕ್ಕಳನ್ನ ಬಿಟ್ಟು ಹೋಗುತ್ತಾರೆ. ಹಾಸ್ಟೆಲ್ ಸೀಟು ಸಿಕ್ಕರೆ ಪುಣ್ಯ. ಇಲ್ಲಾಂದ್ರೆ ಅಪ್ಪ ಅವ್ವ ಕೆಲಸ ಮಾಡೋ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಮನೆ.

ನಮ್ಮದು ಜೆರಾಕ್ಸ್ ಅಂಗಡಿ. ಹೈದರಾಬಾದಿನಿಂದ ವಾಪಸ್ ಬಂದ ಒಂದು ಕುಟುಂಬ ಇಲ್ಲೇ ಖಾಲಿ ಸೈಟಿನಲ್ಲಿ ತಾಡಪಾಲು ಕಟ್ಟಿಕೊಂಡಿತ್ತು. ಅವರ ಹುಡುಗಿ ಆರನೇ ಕ್ಲಾಸು. ಅಲ್ಲಿದ್ದಾಗ ಬೋರ್ಡು ನೋಡಿ ನೋಡಿ ತೆಲುಗು ಅಕ್ಷರ ಕಲಿತಿದ್ದಳು, ಹಾಗಾಗಿ ಕನ್ನಡ ಬರೆಯುವಾಗಲೂ ತಲಕಟ್ಟಿನ ಜಾಗದಲ್ಲಿ ತೆಲುಗಿನ ಟಿಕ್ ಮಾರ್ಕ್ ಹಾಕುತ್ತಿದ್ದಳು. ಮೇಷ್ಟ್ರು ಸುಮ್ನೆ ಬೈತಾರೆ ಅಂತ ಅವಳ ದೂರು. ಗಡಿಯಲ್ಲಿ ಹುಟ್ಟಿದವರಿಗೆ ಇದು ತಪ್ಪು ಅಂತಲೇ ಅನಿಸಲ್ಲ ಬಿಡಿ.

ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಪುಸ್ತಕ ಸುತ್ತಿ, ಇಲಿ ಮುಟ್ಟದಂಗೆ ಗಳಕ್ಕೆ ನೇತು ಹಾಕುತ್ತಾಳೆ. ಹೋಂವರ್ಕು ಶಾಲೆಯಲ್ಲೇ, ಊಟದ ಬೆಲ್ಲು ಹೊಡೆದ ಮೇಲೆ. ಕತ್ತಲಾದರೆ ಅಲ್ಲಿ ಬೆಳಕಿಲ್ಲ. ಬಿಸಿಯೂಟ ಇದೆ, 2021ರ ಕೊನೆಯಿಂದ ನಮ್ಮ ಕಡೆ ಶಾಲೆಗಳಲ್ಲಿ ಮೊಟ್ಟೆನೂ ಕೊಡ್ತಾರೆ, ಅದಕ್ಕೇ ಅವರವ್ವ ರಜಾ ಅಂದರೆ ಮುಖ ಸಣ್ಣ ಮಾಡ್ತಾಳೆ.

ಸೇರಿಸೋವಾಗ ಮಾತ್ರ ಪಾಡು ಪಟ್ಟರು. ಟಿ.ಸಿ. ತನ್ನಿ, ಆಮೇಲೆ ನೋಡೋಣ ಅಂತ ಒಂದು ಶಾಲೆಯಲ್ಲಿ ಎರಡು ಸಲ ವಾಪಸ್ ಕಳಿಸಿದ್ದರು. ಟಿ.ಸಿ. ತಡ ಆಯ್ತು ಅಂತ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳದೇ ಇರುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತಲೂ ತಿರುಗಿಸಿ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕೂಲಿಗೆ ಹೋಗೋ ಅಪ್ಪನಿಗೆ ಇದೆಲ್ಲ ಹೇಳೋರು ಯಾರು? ಕಾಯ್ದೆಯ ಆ ಪುಟ ಪ್ರಿಂಟ್ ತೆಗೆದು ಕೊಟ್ಟೆ. ಮೂರನೇ ಸಲ ಸೇರಿಸಿಕೊಂಡರು.

ಮೊನ್ನೆ ಸ್ಕಾಲರ್‌ಶಿಪ್ ಅರ್ಜಿ ಹಿಡಿದುಕೊಂಡು ಬಂದಳು. ಎಲ್ಲ ತುಂಬಿದ್ದಳು, ವಿಳಾಸದ ಜಾಗ ಮಾತ್ರ ಖಾಲಿ. "ಅಣ್ಣಾ, ಇಲ್ಲಿ ಏನ್ ಬರೀಲಿ? ಸೈಟಿನೋರು ಖಾಲಿ ಮಾಡ್ರಿ ಅಂದಾರ." ನಮ್ಮ ಅಂಗಡಿ ವಿಳಾಸ ಹೇಳಿದೆ. ಬರೆಯುವಾಗ ಮೂರು ಕಡೆ ತೆಲುಗು ತಲಕಟ್ಟು ಬಿತ್ತು, ಅಳಿಸಿ ತಿದ್ದಿದಳು.