ಯಾವ ಮಲತಾಯಿ, ಯಾವ ವರ್ಷದವಳು?

ಪ್ರಿಯರೇ,

‘ವಿಶ್ವದ ಕಿನ್ನರ ಕಥೆಗಳಲ್ಲಿ ಮಲತಾಯಿ: ಒಂದು ತೌಲನಿಕ ಅಧ್ಯಯನ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಇಪ್ಪತ್ತೆರಡು ಪುಟ. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟಿನಲ್ಲಿ, ಎರಡನೆಯ ಸಲ ಆ ಸಿಟ್ಟು ಯಾಕೆ ಬಂತೆಂದು ತಿಳಿಯುವುದಕ್ಕೆ. ನಿಮ್ಮ ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಎರಡೇ ಸಿಕ್ಕವು, ಸಾಕಷ್ಟು ಓದಿಕೊಂಡಿದ್ದೀರಿ. ಸಂಪಾದಕನಾದವನು ಮೊದಲು ಹೇಳಬೇಕಾದ ಮಾತುಗಳಿವು, ಹೇಳಿದ್ದೇನೆ. ಈ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಇದನ್ನು ಒಂದು ಸಾಲಿನಲ್ಲಿ ಬರೆದು ಹಸ್ತಪ್ರತಿಯನ್ನು ಹಿಂದಿರುಗಿಸುವುದು ನಮ್ಮಲ್ಲಿ ರೂಢಿ. ನಿಮಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ ಹದಿನೇಳನೆಯ ಪುಟದ ಒಂದು ಅಡಿಟಿಪ್ಪಣಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೂರನೆಯ ಪುಟ. ಇಡೀ ಲೇಖನ ನಿಂತಿರುವುದು ಅಲ್ಲಿನ ಮೂರು ವಾಕ್ಯಗಳ ಮೇಲೆ:

“ಮಲತಾಯಿಯ ಕ್ರೌರ್ಯವು ಅನಾದಿ ಕಾಲದಿಂದಲೂ ಎಲ್ಲ ಸಂಸ್ಕೃತಿಗಳ ಜನಪದರ ಸಾಮೂಹಿಕ ಅಪ್ರಜ್ಞೆಯಲ್ಲಿ ಬೇರೂರಿದೆ. ಗ್ರಿಮ್ ಸಹೋದರರು ಅನಕ್ಷರಸ್ಥ ರೈತ ಮಹಿಳೆಯರ ಬಾಯಿಂದ ಯಥಾವತ್ತಾಗಿ ದಾಖಲಿಸಿದ ಸ್ನೋವೈಟ್ ಹಾಗೂ ಹ್ಯಾನ್ಸೆಲ್-ಗ್ರೆಟೆಲ್ ಕಥೆಗಳೇ ಇದಕ್ಕೆ ಸಾಕ್ಷಿ. ಚೀನಾದ ಯೆ ಶಿಯೆನ್‌ಳಿಂದ ಹಿಡಿದು ಕನ್ನಡದ ಹಂಚಿಯವರೆಗೆ ಈ ಮಾದರಿಯು ಬದಲಾಗದೆ ಉಳಿದಿರುವುದು ಕಂಡುಬರುತ್ತದೆ.”

ಎರಡನೆಯ ವಾಕ್ಯದಿಂದ ತೊಡಗುತ್ತೇನೆ, ಯಾಕೆಂದರೆ ನನ್ನ ಪೆನ್ಸಿಲಿನ ಮೊನೆ ಮುರಿದದ್ದು ಅಲ್ಲಿ. ಸಾಕ್ಷಿ ಎಂದಿರಿ. ಆ ಸಾಕ್ಷಿಯ ಮೊದಲ ಹೇಳಿಕೆಯನ್ನು ನೋಡಿದ್ದೀರಾ? ಜರ್ಮನಿಯ ಗ್ರಿಮ್ ಸಹೋದರರ ಕಥಾಸಂಗ್ರಹದ ಮೊದಲ ಸಂಪುಟ ಹೊರಬಂದದ್ದು 1812ರಲ್ಲಿ. ಅದರಲ್ಲಿ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಮಲತಾಯಿಯಲ್ಲ, ಹೆತ್ತ ತಾಯಿ. ಹಿಮದಷ್ಟು ಬೆಳ್ಳಗಿನ, ನೆತ್ತರಿನಷ್ಟು ಕೆಂಪಾದ ಮಗು ಬೇಕೆಂದು ಕಿಟಕಿಯ ಬಳಿ ಕುಳಿತು ಹಂಬಲಿಸಿದ ಅದೇ ಹೆಂಗಸು, ಮಗಳು ತನಗಿಂತ ಚೆಲುವೆಯಾದಾಗ ಬೇಟೆಗಾರನನ್ನು ಕರೆಯುತ್ತಾಳೆ. 1819ರ ಎರಡನೆಯ ಆವೃತ್ತಿಗೆ ಬರುವಷ್ಟರಲ್ಲಿ ಹೆತ್ತವಳು ಮಗುವನ್ನು ಹೆತ್ತು ಸತ್ತಿದ್ದಾಳೆ, ಅವಳ ಜಾಗಕ್ಕೆ ಮಲತಾಯಿ ಬಂದಿದ್ದಾಳೆ. ಹ್ಯಾನ್ಸೆಲ್-ಗ್ರೆಟೆಲ್ ಕಥೆಯಲ್ಲೂ ಮಕ್ಕಳನ್ನು ಕಾಡಿಗೆ ಬಿಟ್ಟುಬರೋಣ ಎನ್ನುವವಳು ಮೊದಲು ಸ್ವಂತ ತಾಯಿಯೇ. ಅವಳು ಮಲತಾಯಿಯಾದದ್ದು 1840ರ ಆವೃತ್ತಿಯಲ್ಲಿ. ನೀವು ಓದಿರುವುದು 1857ರ ಏಳನೆಯ ಆವೃತ್ತಿಯ ಪಾಠವನ್ನು, ಅದೂ ಇಂಗ್ಲಿಷ್ ಅನುವಾದದಲ್ಲಿ. ಅಂದರೆ ನಿಮ್ಮ ಅನಾದಿ ಕಾಲಕ್ಕೆ ಇಸವಿ ಇದೆ. ಒಂದು ಕಥೆಗೆ 1819, ಇನ್ನೊಂದಕ್ಕೆ 1840.

ಮಲತಾಯಿಯನ್ನು ಗ್ರಿಮ್ ಸಹೋದರರೇ ಹುಟ್ಟಿಸಿದರೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಪೆರೊ 1697ರಲ್ಲಿ ಅಚ್ಚು ಹಾಕಿಸಿದ ಸಿಂಡರೆಲಾ ಕಥೆಯಲ್ಲೇ ಅವಳಿದ್ದಾಳೆ. ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲದಲ್ಲಿ ಮಲತಾಯಿ ಮನೆಮನೆಯಲ್ಲೂ ಇದ್ದಳು ಎಂದು ವಾದಿಸುವವರಿದ್ದಾರೆ. ನೀವೂ ವಾದಿಸಿ, ಅಡ್ಡ ಬರುವುದಿಲ್ಲ. ಆದರೆ ಈ ಎರಡು ಕಥೆಗಳನ್ನು ಆ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಲಾಗದು. ಇಲ್ಲಿ ನಡೆದದ್ದು ಬೇರೆ. ಪಂಡಿತರಿಗೆಂದು ಶುರುವಾದ ಪುಸ್ತಕ ಮಕ್ಕಳ ಕೈಗೆ ಬಂತು, ಕೊಳ್ಳುವವರು ಗೃಹಸ್ಥರು, ಓದಿ ಹೇಳುವವಳು ತಾಯಿ. ತಾಯಿಯನ್ನು ಕೊಲೆಗಾತಿಯಾಗಿ ತೋರಿಸುವ ಕಥೆಯನ್ನು ತಾಯಿಯೇ ಮಗುವಿಗೆ ಓದಿ ಹೇಳಬೇಕಲ್ಲ! ಮಲತಾಯಿಯ ಬಗ್ಗೆ ಇಪ್ಪತ್ತೆರಡು ಪುಟ ಬರೆದ ನೀವು ಅವಳು ಹೊಸ್ತಿಲು ದಾಟಿ ಒಳಗೆ ಬಂದ ಕ್ಷಣವನ್ನೇ ನೋಡಲಿಲ್ಲ. ನನ್ನ ಸಿಟ್ಟಿಗೆ ಕಾರಣ ಇದು.

“ಅನಕ್ಷರಸ್ಥ ರೈತ ಮಹಿಳೆಯರ ಬಾಯಿಂದ ಯಥಾವತ್ತಾಗಿ.” ಈ ಐದು ಪದಗಳಲ್ಲಿ ‘ಮಹಿಳೆಯರ ಬಾಯಿಂದ’ ಎಂಬ ಎರಡನ್ನು ಉಳಿಸಿಕೊಳ್ಳಿ, ಉಳಿದವನ್ನು ಹೊಡೆದುಹಾಕಿ. ಕಾಸೆಲ್ ಪಟ್ಟಣದಲ್ಲಿ ಗ್ರಿಮ್ ಸಹೋದರರಿಗೆ ಕಥೆ ಹೇಳಿದವರಲ್ಲಿ ಔಷಧದ ಅಂಗಡಿಯ ವಿಲ್ಡ್ ಕುಟುಂಬದ ಹೆಣ್ಣುಮಕ್ಕಳಿದ್ದರು, ಹಾಸೆನ್‌ಫ್ಲುಗ್ ಮನೆಯ ಸುಶಿಕ್ಷಿತ ಯುವತಿಯರಿದ್ದರು. ವಿಲ್ಡ್ ಮನೆಯ ಒಬ್ಬಳನ್ನು ಸಹೋದರರಲ್ಲಿ ಒಬ್ಬನಾದ ವಿಲ್ಹೆಲ್ಮ್ 1825ರಲ್ಲಿ ಮದುವೆಯೂ ಆದ. ಎರಡನೆಯ ಸಂಪುಟದ ಮುನ್ನುಡಿಯಲ್ಲಿ ರೈತ ಹೆಂಗಸೆಂದು ಹೊಗಳಿಸಿಕೊಂಡ ಡೊರೊಥಿಯಾ ಫೀಮನ್ ನಿಜದಲ್ಲಿ ದರ್ಜಿಯ ಹೆಂಡತಿ. ಅವಳ ತಂದೆ ಹೆದ್ದಾರಿಯ ಬದಿಯಲ್ಲಿ ಛತ್ರದಂತಹ ಹೋಟೆಲು ನಡೆಸುತ್ತಿದ್ದವನು, ಪೂರ್ವಜರು ಫ್ರಾನ್ಸಿನಿಂದ ವಲಸೆ ಬಂದವರು. ಇನ್ನು ‘ಯಥಾವತ್ತಾಗಿ’ ಎಂಬುದರ ಕಥೆಯನ್ನು ಆಗಲೇ ಹೇಳಿದೆ.

ಈಗ ಮೊದಲನೆಯ ವಾಕ್ಯ. ಸಾಮೂಹಿಕ ಅಪ್ರಜ್ಞೆ, ಅಂದರೆ ಮನುಷ್ಯರೆಲ್ಲ ಅರಿವಿಲ್ಲದೆ ಹಂಚಿಕೊಂಡಿರುವ ಒಳಮನಸ್ಸು, ಅದರ ಬಗ್ಗೆ ಜಗಳವಾಡುವಷ್ಟು ಆಯುಷ್ಯ ನನಗೆ ಉಳಿದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮನೋವಿಶ್ಲೇಷಕ ಎರಿಕ್ ಫ್ರಾಮ್ ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಬಿಡಿಸುತ್ತಾ ಆ ಟೋಪಿಯ ಕೆಂಪು ಬಣ್ಣಕ್ಕೆ ದೊಡ್ಡ ಅರ್ಥವೊಂದನ್ನು ಹೊರಿಸಿದ್ದ. ಫ್ರಾನ್ಸಿನ ರೈತರು ಹೇಳುತ್ತಿದ್ದ ಕಥೆಯಲ್ಲಿ ಕೆಂಪು ಟೋಪಿಯೇ ಇರಲಿಲ್ಲ ಎಂದು ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರಲ್ಲಿ ತೋರಿಸಿದ. ಇಲ್ಲದ ಟೋಪಿಗೆ ಅರ್ಥ ಹೇಳುವುದು ನಿಮ್ಮನ್ನೂ ನನ್ನನ್ನೂ ಸೇರಿಸಿ ಎಲ್ಲರಿಗೂ ಸುಲಭ.

ಮೂರನೆಯದು. ಯೆ ಶಿಯೆನ್ ಕಥೆಯನ್ನು ಒಂಬತ್ತನೆಯ ಶತಮಾನದಲ್ಲಿ ಬರೆದಿಟ್ಟವನು ಚೀನಾದ ತಾಂಗ್ ರಾಜವಂಶದ ಕಾಲದ ದುವಾನ್ ಚೆಂಗ್‌ಷಿ. ಅವನು ಕೊನೆಯಲ್ಲಿ ಏನು ಬರೆದಿದ್ದಾನೆ ಗೊತ್ತೇ? ಈ ಕಥೆಯನ್ನು ಹೇಳಿದವನು ತನ್ನ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದ ಲಿ ಶಿಯುವಾನ್, ಅವನು ದಕ್ಷಿಣದ ಯೊಂಗ್‌ಝೌ ಪ್ರದೇಶದ ಗುಹೆಗಳ ಕಡೆಯವನು, ಆ ಸೀಮೆಯ ಸೋಜಿಗಗಳನ್ನು ಬಹಳವಾಗಿ ನೆನಪಿಟ್ಟುಕೊಂಡಿದ್ದವನು ಎಂದು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಒಬ್ಬ ಅಧಿಕಾರಿ ತನ್ನ ಆಳಿನ ಹೆಸರನ್ನೂ ಊರನ್ನೂ ಬರೆದಿಡುತ್ತಾನೆ. ನೀವು ‘ಜನಪದರು’ ಎಂದು ಬರೆದು ಮುಂದಕ್ಕೆ ಹೋಗುತ್ತೀರಿ.

ಆ ಕಥೆಯ ಮನೆಯೊಳಗನ್ನೂ ಸ್ವಲ್ಪ ನೋಡಿ. ಗುಹೆಗಳ ಒಡೆಯ ವೂ ಎಂಬವನಿಗೆ ಇಬ್ಬರು ಹೆಂಡಿರು. ಒಬ್ಬಳು ಸತ್ತಳು, ಅವಳ ಮಗಳು ಯೆ ಶಿಯೆನ್. ಅಪ್ಪನೂ ಸತ್ತ ಮೇಲೆ ಹುಡುಗಿಯನ್ನು ಕಾಡಿದವಳು ಇನ್ನೊಬ್ಬ ಹೆಂಡತಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ತಾಯಿಯ ಸವತಿ. ಧ್ರುವನನ್ನು ತೊಡೆಯಿಂದ ಇಳಿಸಿದ ಸುರುಚಿಗೆ ಅವಳು ಹತ್ತಿರ, ತಾಯಿ ಸತ್ತ ಮೇಲೆ ಬರುವ ಜರ್ಮನ್ ಮಲತಾಯಿಗೆ ಅಷ್ಟಲ್ಲ. ‘ಸವತಿ’ ಎಂಬ ಪದ ಇಪ್ಪತ್ತೆರಡು ಪುಟಗಳಲ್ಲಿ ಒಮ್ಮೆಯೂ ಬಂದಿಲ್ಲ. ಅಂದಹಾಗೆ, ನಮ್ಮ ಕಡೆಯ ಮನೆಗಳಲ್ಲಿ ಮಲತಾಯಿಯನ್ನು ಯಾರೂ ಮಲತಾಯಿ ಎಂದು ಕೂಗುವುದಿಲ್ಲ, ಚಿಕ್ಕಮ್ಮ ಎನ್ನುತ್ತಾರೆ. ‘ಮಲತಾಯಿ’ ಎಂಬುದು ಅವಳು ಎದುರಿಗಿಲ್ಲದಾಗ ಆಡುವ ಪದ.

ಇನ್ನು ಹಂಚಿ. ಎ. ಕೆ. ರಾಮಾನುಜನ್ ಅವರು ಕನ್ನಡದ ಸಿಂಡರೆಲಾ ಎಂದು ಕರೆದು ಬರೆದ ಲೇಖನ, ಅಲನ್ ಡಂಡೆಸ್ 1982ರಲ್ಲಿ ಸಂಪಾದಿಸಿದ ಸಿಂಡರೆಲಾ ಸಂಕಲನದಲ್ಲಿದೆ. ನೀವು ಅದನ್ನು ಉಲ್ಲೇಖಿಸಿದ್ದೀರಿ, ಓದಿದ್ದೀರೆಂದು ನಂಬುವುದು ಕಷ್ಟವಾಗುತ್ತಿದೆ. ಆ ಕಥೆಯಲ್ಲಿ ಮಲತಾಯಿಯೇ ಇಲ್ಲ! ಹೊನ್ನಿನ ಬಣ್ಣದ ಕೂದಲಿನ ಹುಡುಗಿ. ಅವಳನ್ನು ಕಂಡು ಮೋಹಗೊಳ್ಳುವವನು ಒಡಹುಟ್ಟಿದವನು. ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಸಿ ಮನೆಯಿಂದ ಪಾರು ಮಾಡುವವಳು ಹೆತ್ತ ತಾಯಿ. ಹಂಚಿ ಎಂಬ ಹೆಸರು ಬಂದದ್ದೇ ಆ ಹಂಚಿನಿಂದ. ಗಾಜಿನ ಪಾದುಕೆಯ ಹುಡುಗಿಗಿಂತ, ಅಪ್ಪನಿಂದ ತಪ್ಪಿಸಿಕೊಳ್ಳಲು ಕತ್ತೆಯ ತೊಗಲು ಹೊದ್ದು ಓಡುವ ಫ್ರೆಂಚ್ ರಾಜಕುಮಾರಿಗೆ ಅವಳು ಹತ್ತಿರದ ನೆಂಟಳು. ಅವಳ ಕಷ್ಟ ಮದುವೆಯೊಂದಿಗೆ ಮುಗಿಯುವುದೂ ಇಲ್ಲ. ಮದುವೆಯ ನಂತರ ಒಬ್ಬ ಕಪಟ ಗುರು ಅವಳ ಬೆನ್ನು ಹತ್ತುತ್ತಾನೆ. ಎಲ್ಲಿದೆ ಬದಲಾಗದೆ ಉಳಿದ ಮಾದರಿ? ಚೀನಾದಲ್ಲಿ ಸವತಿ, ಜರ್ಮನಿಯಲ್ಲಿ ಮಲತಾಯಿಯ ಹೆಸರು ಹೊತ್ತ ತಾಯಿ, ಕನ್ನಡದಲ್ಲಿ ಮಗಳನ್ನು ಉಳಿಸುವ ತಾಯಿ. ಮೂರೂ ಬೇರೆ ಬೇರೆ ಮನೆಗಳು. ನೀವು ಮೂರಕ್ಕೂ ಒಂದೇ ಬೀಗದಕೈ ಹಾಕಿ ತಿರುಗಿಸಿದ್ದೀರಿ.

“ಕಂಡುಬರುತ್ತದೆ.” ಯಾರಿಗೆ ಕಂಡುಬಂತು? ಈ ಕ್ರಿಯಾಪದ ನಿಮ್ಮ ಲೇಖನದಲ್ಲಿ ಮೂವತ್ತನಾಲ್ಕು ಸಲ ಬಂದಿದೆ, ಬೆರಳು ಮಡಚಿ ಎಣಿಸಿದ್ದೇನೆ. ‘ನಾನು ಕಂಡೆ’ ಎಂದು ಬರೆಯಿರಿ. ಹಾಗೆ ಬರೆಯಲು ಹೊರಟಾಗ ಕೈ ತಡೆಯುತ್ತದೆ, ಕಂಡೆನೇ ಎಂಬ ಅನುಮಾನ ಏಳುತ್ತದೆ.

ಉಳಿದ ಅಧ್ಯಾಯಗಳನ್ನು ಬಿಡುತ್ತೇನೆ. ಕಿನ್ನರ ಕಥೆಗಳಲ್ಲಿ ಮರುಕಳಿಸುತ್ತವೆ ಎಂದು ರಷ್ಯದ ವಿದ್ವಾಂಸ ಪ್ರಾಪ್ ಹೇಳಿದ ಮೂವತ್ತೊಂದು ಕ್ರಿಯೆಗಳ ಪಟ್ಟಿ ಸರಿಯಾಗಿಯೇ ಇದೆ, ಅಲ್ಲಿ ಅದಕ್ಕೇನು ಕೆಲಸವೋ ತಿಳಿಯಲಿಲ್ಲ.

ನನ್ನನ್ನು ಕಾಡಿದ ಇನ್ನೊಂದು ಸಾಲು ಹನ್ನೊಂದನೆಯ ಪುಟದಲ್ಲಿದೆ. ಹಂಚಿಯ ಕಥೆಯನ್ನು ಸಂಕ್ಷೇಪಿಸುತ್ತಾ ನೀವು ಬರೆದಿದ್ದೀರಿ: “ಮನೆ ತೊರೆಯುವಾಗ ಹಂಚಿಯ ಹೃದಯ ಅವ್ಯಕ್ತ ವೇದನೆಯಿಂದ ತುಂಬಿಬಂದಿತು.” ಅಜ್ಜಿ ಕಥೆಗಳಲ್ಲಿ ಬಿಂದಿಗೆ ತುಂಬುತ್ತದೆ, ಕಣಜ ತುಂಬುತ್ತದೆ, ಹೃದಯ ತುಂಬಿಬರುವುದಿಲ್ಲ. ಕಥೆಯ ಜನರಿಗೆ ಒಳಮನೆ ಇಲ್ಲ, ಅವರ ಭಾವವೆಲ್ಲ ಹೊರಗೆ ವಸ್ತುವಾಗಿ, ಕೆಲಸವಾಗಿ ನಿಲ್ಲುತ್ತದೆ ಎಂದು ಸ್ವಿಸ್ ಕಥಾವಿದ್ವಾಂಸ ಮ್ಯಾಕ್ಸ್ ಲ್ಯೂಥಿ 1947ರಲ್ಲೇ ಯುರೋಪಿನ ಕಥೆಗಳ ಬಗ್ಗೆ ಬರೆದಿದ್ದಾನೆ. ಹಂಚಿಯ ದುಃಖ ಏನಿದ್ದರೂ ಆ ಮಣ್ಣಿನ ಮುಖವಾಡದಲ್ಲಿದೆ. ಅದರ ಮೇಲೆ ನೀವು ಅವ್ಯಕ್ತ ವೇದನೆಯ ಬಣ್ಣ ಬಳಿದಿರಿ.

ಈ ಬಣ್ಣ ನನಗೆ ಬಲು ಪರಿಚಿತ. ನಾನೂ ಬಳಿದವನೇ.

1980ರ ದಶಕದ ಮಾತು. ಎರವಲು ತಂದ ಟೇಪ್ ರೆಕಾರ್ಡರ್, ಅರವತ್ತು ನಿಮಿಷದ ಕ್ಯಾಸೆಟ್ ಹಿಡಿದು ಕಥೆ ಸಂಗ್ರಹಿಸುತ್ತೇನೆಂದು ತುಮಕೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಾ ಒಬ್ಬ ಅಜ್ಜಿ ಸೊಸೆಯನ್ನು ಬಾವಿಗೆ ತಳ್ಳುವ ಅತ್ತೆಯ ಕಥೆ ಹೇಳಿದಳು. ನಾನು ಅವಳು ಕೊಟ್ಟ ಕಡಲೆಕಾಯಿ ತಿನ್ನುತ್ತಿದ್ದೆ. ಕ್ಯಾಸೆಟ್ಟಿನ ಒಂದು ಬದಿ ಮುಗಿದದ್ದು ಗಮನಕ್ಕೆ ಬರಲಿಲ್ಲ. ರೂಮಿಗೆ ಬಂದು ಬರೆದುಕೊಳ್ಳುವಾಗ ನೋಡಿದರೆ ಸೊಸೆ ಬಾವಿಗೆ ಬಿದ್ದಲ್ಲಿಂದ ಮೇಲೆ ಬರುವವರೆಗಿನ ಭಾಗವೇ ಇಲ್ಲ. ಕಥೆ ನೆನಪಿತ್ತು, ಮಾತು ನೆನಪಿರಲಿಲ್ಲ. ಹದಿನೈದು ಸಾಲು ನಾನೇ ಬರೆದು ಸೇರಿಸಿದೆ, ಯಾರಿಗೂ ಹೇಳಲಿಲ್ಲ.

ನನ್ನ ಗುರುಗಳು ಮಿತಭಾಷಿ. ಮೂವತ್ತು ಹಾಳೆ ಓದಿ, ಸರಿಯಾಗಿ ಆ ಹದಿನೈದು ಸಾಲುಗಳ ಪಕ್ಕಕ್ಕೆ ಕೆಂಪು ಗೆರೆ ಎಳೆದು, “ಇಲ್ಲಿ ಅಜ್ಜಿ ಎದ್ದು ಹೋಗಿದ್ದಾಳೆ, ನೀನು ಬಂದು ಕುಳಿತಿದ್ದೀಯ” ಎಂದರು. ‘ಅವಳ ಒಡಲಲ್ಲಿ ಸೇಡಿನ ಕಿಚ್ಚು ಹೊತ್ತಿಕೊಂಡಿತು’ ಎಂಬ ಸಾಲು ನನ್ನನ್ನು ಹಿಡಿದುಕೊಟ್ಟಿತ್ತು. ಬಸ್ ಚಾರ್ಜು ಕೈಗಿಟ್ಟು ಮತ್ತೆ ಕಳಿಸಿದರು.

ಎರಡು ವಾರದ ಮೇಲೆ ಹೋದಾಗ ಅಜ್ಜಿಯ ಸೊಸೆ ಬಾಗಿಲಲ್ಲೇ ಕುಳಿತು ರಾಗಿ ಕೇರುತ್ತಿದ್ದಳು. ಅಜ್ಜಿ ಅದೇ ಕಥೆಯನ್ನು ಪೂರ್ತಿ ಹೇಳಿದಳು. ಆದರೆ ಈ ಸಲ ಬಾವಿಗೆ ತಳ್ಳಿದವಳು ಅತ್ತೆಯಲ್ಲ, ಓರಗಿತ್ತಿ. “ಹೋದ ಸಲ ಅತ್ತೆ ಎಂದಿದ್ದಿರಲ್ಲ ಅಜ್ಜೀ” ಎಂದೆ, ದಡ್ಡನಂತೆ. ಅಜ್ಜಿ ನನ್ನ ಮುಖ ನೋಡಲಿಲ್ಲ. “ಅತ್ತೆ ಯಾಕಪ್ಪಾ ತಳ್ಳುತ್ತಾಳೆ?” ಎಂದಳು. ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಎರಡು ಪಾಠಗಳನ್ನೂ ದಿನಾಂಕ ಹಾಕಿ ಇಟ್ಟುಕೋ ಎಂದರು ಗುರುಗಳು. ಗ್ರಿಮ್ ಆವೃತ್ತಿಗಳ ವಿಷಯ ನಾನು ಓದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ವಿಲ್ಹೆಲ್ಮ್ ಗ್ರಿಮ್ ಏಳು ವರ್ಷದಲ್ಲಿ ಮಾಡಿದ್ದನ್ನು ನಮ್ಮ ಅಜ್ಜಿ ಎರಡು ವಾರದಲ್ಲಿ ಮಾಡಿದ್ದಳಲ್ಲ ಎಂದು ಅಂದು ಒಬ್ಬನೇ ನಕ್ಕಿದ್ದೆ.

ಈಗ ನಿಮ್ಮ ಹದಿನೇಳನೆಯ ಪುಟ. ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಹೀಗಿದೆ: “ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮಲತಾಯಿ ಕೊನೆಗೆ ಸಾಯುತ್ತಿರಲಿಲ್ಲ, ಬಾಗಿಲಲ್ಲಿ ಕುಳಿತಿರುತ್ತಿದ್ದಳು. ಆದರೆ ಇದು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.” ಯಾಕೆ ಬರುವುದಿಲ್ಲ? ಸ್ನೋವೈಟ್‌ಳ ಮಲತಾಯಿ ಕಾದ ಕಬ್ಬಿಣದ ಬೂಟು ತೊಟ್ಟು ಕುಣಿದು ಸಾಯುತ್ತಾಳೆ. ಯೆ ಶಿಯೆನ್‌ಳನ್ನು ಕಾಡಿದವಳು ಮಗಳ ಸಮೇತ ಹಾರಿಬಂದ ಕಲ್ಲುಗಳ ಏಟಿಗೆ ಸಾಯುತ್ತಾಳೆ. ನಿಮ್ಮ ಅಜ್ಜಿ ಅವಳನ್ನು ಕೊಲ್ಲದೆ ಕೂರಿಸಿದ್ದಾರೆ, ಮತ್ತು ನೀವು ಅವಳನ್ನು ಅಡಿಟಿಪ್ಪಣಿಗೆ ದೂಡಿದ್ದೀರಿ.

ಹಸ್ತಪ್ರತಿಯನ್ನು ಇದರ ಜೊತೆ ಹಿಂದಿರುಗಿಸಿದ್ದೇನೆ. ಇಪ್ಪತ್ತೆರಡು ಪುಟ ಬೇಡ, ಆ ಕಥೆಯೊಂದನ್ನು ಅಜ್ಜಿ ಹೇಳಿದ ಮಾತಿನಲ್ಲೇ ಬರೆದು ಕಳಿಸಿ. ನೆನಪಿಲ್ಲದ ಕಡೆ ಖಾಲಿ ಜಾಗ ಬಿಡಿ. ಅಜ್ಜಿ ಬದುಕಿದ್ದರೆ ಹೋಗಿ ಕೇಳಿಕೊಂಡು ಬನ್ನಿ, ಕೇಳುವಾಗ ಮನೆಯಲ್ಲಿ ಯಾರು ಯಾರು ಇದ್ದರೆಂಬುದನ್ನೂ ಬರೆಯಿರಿ. ಮತ್ತೆ, ಅವಳು ಕುಳಿತದ್ದು ಯಾವ ಬಾಗಿಲಲ್ಲಿ? ಬೀದಿಯ ಬಾಗಿಲೋ, ಹಿತ್ತಿಲ ಬಾಗಿಲೋ?